ಡ್ರಮ್ಸ್ ಬಾರಿಸಿದವರು ಯಾರು?

ಇಂಗ್ಲೆಂಡಿನ ರೆಕಾರ್ಡ್ ಅಂಗಡಿಯಲ್ಲಿ ಹಳೆಯ ಹಾಡುಗಳ ಸಂಕಲನ ಕೈಗೆತ್ತಿಕೊಂಡ ಕನ್ನಡಿಗನಿಗೆ ಮೊದಲು ಖುಷಿಯಾಗುತ್ತದೆ, ಅದರ ಬೆನ್ನಿಗೇ ಹೊಟ್ಟೆ ಉರಿಯುತ್ತದೆ. ಚೆರ್ರಿ ರೆಡ್ ಕಂಪನಿ 2017ರಲ್ಲಿ ತಂದ ‘ಟು ದಿ ಔಟ್‌ಸೈಡ್ ಆಫ್ ಎವ್ರಿಥಿಂಗ್’ ನೋಡಿ. ಅದರಲ್ಲಿರುವುದು ಐದು ಸಿಡಿ, 1977ರಿಂದ 1981ರವರೆಗಿನ ಬ್ರಿಟಿಷ್ ಪೋಸ್ಟ್‌ಪಂಕ್. ಪಂಕ್ ಎಂಬ ಒರಟು ರಾಕ್ ಸಂಗೀತದ ಗದ್ದಲ ಇಳಿಯುತ್ತಿದ್ದಂತೆ ಲೀಡ್ಸ್, ಶೆಫೀಲ್ಡ್, ಮ್ಯಾಂಚೆಸ್ಟರ್‌ನ ಹುಡುಗ ಹುಡುಗಿಯರು ರೆಗ್ಗೆಯ ಬೇಸ್, ಡಿಸ್ಕೊದ ತಾಳ, ಟೇಪಿನ ಕರಕರ ಎಲ್ಲವನ್ನೂ ಎಳೆದುಕೊಂಡು ಕಟ್ಟಿದ ಸಂಗೀತ ಅದು. ಒಂದೆರಡು ಸಿಂಗಲ್ (ಒಂದೆರಡು ಹಾಡಿನ ಪುಟ್ಟ ತಟ್ಟೆ) ಮಾಡಿ ಮಾಯವಾದ ತಂಡಗಳಿಗೂ ಇಂಗ್ಲೆಂಡಿನ ಸಂಕಲನಗಳಲ್ಲಿ ಟಿಪ್ಪಣಿ, ಇಸವಿ, ತಟ್ಟೆ ತಂದ ಲೇಬಲ್ಲಿನ ಹೆಸರು ಸಿಗುತ್ತವೆ.

ನಮ್ಮ ‘ಎವರ್‌ಗ್ರೀನ್ ಹಿಟ್ಸ್’ ಸಿಡಿಯ ಬೆನ್ನು ತಿರುಗಿಸಿದರೆ ಸಿಗುವುದು ಪಲ್ಲವಿಯ ಮೊದಲ ಸಾಲು, ಗಾಯಕರ ಹೆಸರು, ಮೂಲೆಯಲ್ಲೊಂದು ಗುಲಾಬಿ ಹೂ. ತಬಲಾ ನುಡಿಸಿದ್ದು ಯಾರು, ಯಾವ ಸ್ಟುಡಿಯೊ, ಯಾವ ವರ್ಷ? ದೇವರೇ ಬಲ್ಲ. ಎಷ್ಟೋ ಸಲ ಕವಿಯ ಹೆಸರಿಗೂ ಜಾಗ ಇರುವುದಿಲ್ಲ.

ಇಂಗ್ಲೆಂಡಿನವರು ಹುಟ್ಟಾ ಅಚ್ಚುಕಟ್ಟಿನವರು ಅಂತ ಇದಕ್ಕೆ ಕಾರಣ ಕೊಡುವುದು ಸುಲಭ, ಆದರೆ ಅದು ಸುಳ್ಳು. ಲೆಕ್ಕ ಬರೆದಿಟ್ಟವರು ಹಾಡಿದವರೇ. 1977ರ ಜನವರಿಯಲ್ಲಿ ಬಝ್‌ಕಾಕ್ಸ್ ತಂಡ ಸುಮಾರು 500 ಪೌಂಡ್ ಸಾಲ ಎತ್ತಿ ‘ಸ್ಪೈರಲ್ ಸ್ಕ್ರ್ಯಾಚ್’ ಹೊರತಂದಿತು. ಪ್ರತಿ ಹಾಡು ಎಷ್ಟನೇ ಟೇಕ್, ಅದರ ಮೇಲೆ ಎಷ್ಟು ಸಲ ಬೇರೆ ದನಿ ಸೇರಿಸಿ ಡಬ್ ಮಾಡಿದರು ಎಂಬುದೆಲ್ಲ ಅದರ ಲಕೋಟೆಯ ಮೇಲಿದೆ. ಅದೇ ವರ್ಷ ಡೆಸ್ಪರೇಟ್ ಬೈಸಿಕಲ್ಸ್ ತಮ್ಮ ಮೊದಲ ಸಿಂಗಲ್ಲಿನ 500 ಪ್ರತಿಗೆ ಬಿದ್ದ ಖರ್ಚು 153 ಪೌಂಡ್ ಎಂದು ಎಲ್ಲರಿಗೂ ಸಾರಿ ಹೇಳಿದರು. ಸ್ಕ್ರಿಟಿ ಪೊಲಿಟಿಯವರು 1978ರಲ್ಲಿ ಲಕೋಟೆಯ ಮೇಲೆ ಬಿಲ್ಲನ್ನೇ ಅಚ್ಚು ಹಾಕಿಸಿದರು: ಕೇಂಬ್ರಿಜ್‌ನ ಸ್ಟುಡಿಯೊದಲ್ಲಿ 14 ತಾಸಿಗೆ 98 ಪೌಂಡ್, 2,500 ಪ್ರತಿ ಒಂದಕ್ಕೆ 13 ಪೆನ್ಸ್. ನೀವೂ ಮಾಡಬಹುದು, ಇಷ್ಟೇ ಖರ್ಚು ಎಂದು ಓದುಗನ ಕೈಗೆ ಕೊಟ್ಟ ಚೀಟಿ ಅದು. ನಲವತ್ತು ವರ್ಷದ ಮೇಲೆ ಸಂಕಲನ ಮಾಡುವವನಿಗೆ ಅರ್ಧ ಕೆಲಸ ಆಗಲೇ ಮುಗಿದಿತ್ತು.

ಅದೇ 1978ರಲ್ಲಿ ನಮ್ಮಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂತು, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ರಾಗ. ಭಾವಗೀತೆ ಮನೆಮನೆಯ ಟೇಪ್ ರೆಕಾರ್ಡರಿಗೆ ಇಳಿದ ಕಾಲ. ಅದೇ ಹೊತ್ತಿಗೆ ‘ಸಮುದಾಯ’ ರಂಗತಂಡದವರು, ದಲಿತ ಸಂಘರ್ಷ ಸಮಿತಿಯವರು ಬೀದಿಯಲ್ಲಿ ತಮಟೆ ಹಿಡಿದು ಹಾಡುತ್ತಿದ್ದರು. ಇಂಗ್ಲೆಂಡಿನ ಯಾವ ಬ್ಯಾಂಡಿಗೂ ಕಡಿಮೆಯ ಸಿಟ್ಟಲ್ಲ ಅದು. ಅದಕ್ಕೂ ಇಂಥದೊಂದು ಐದು ಸಿಡಿಯ ಪೆಟ್ಟಿಗೆ, ಊರು, ಇಸವಿ, ತಮಟೆ ಬಡಿದವನ ಹೆಸರಿನ ಸಮೇತ, ಯಾಕೆ ಬರಬಾರದು? ತುಂಬು ಗರ್ವದಿಂದ ರಾಜ್ಯೋತ್ಸವ ಮಾಡುವ ನಮಗೆ ಕ್ಯಾಸೆಟ್ ಡಬ್ಬಿಯೊಳಗಿನ ಒಂದು ಇನ್‌ಲೇ ಕಾರ್ಡ್ ನೆಟ್ಟಗೆ ಬರೆಯಲು ಬೇಸರ.

ಪೋಸ್ಟ್‌ಪಂಕ್ ಸಂಕಲನ ಕೊಳ್ಳುವವರು ಮೊದಲು ಆ ಕಾಲದಲ್ಲೇ ಬಂದವನ್ನು ಹುಡುಕಬೇಕು. ಲಂಡನ್ನಿನ ರಫ್ ಟ್ರೇಡ್ ಕಂಪನಿ 1980ರಲ್ಲಿ ಅಮೆರಿಕದ ಕೇಳುಗರಿಗಾಗಿ ಮಾಡಿದ ‘ವಾನಾ ಬೈ ಎ ಬ್ರಿಜ್?’ ಎಂಬ ಎಲ್‌ಪಿಯಲ್ಲಿ 14 ಹಾಡು. ಡೆಲ್ಟಾ ಫೈವ್, ದಿ ಸ್ಲಿಟ್ಸ್, ಕ್ಯಾಬರೆ ವೋಲ್ಟೇರ್, ಯಂಗ್ ಮಾರ್ಬಲ್ ಜೈಂಟ್ಸ್ ಎಲ್ಲ ಒಂದೇ ಕಡೆ. ನ್ಯೂಯಾರ್ಕಿನ ಕಥೆಗೆ ಬ್ರಯನ್ ಈನೊ ನಿರ್ಮಿಸಿದ 1978ರ ‘ನೋ ನ್ಯೂಯಾರ್ಕ್’ ಸಾಕು, ನಾಲ್ಕು ತಂಡ, ತಲಾ ನಾಲ್ಕು ಹಾಡು. ಸಾಹಿತ್ಯವನ್ನು ಲಕೋಟೆಯ ಒಳಮೈಯಲ್ಲಿ ಅಚ್ಚು ಮಾಡಿದ್ದರು, ಓದಬೇಕೆಂದರೆ ಲಕೋಟೆ ಹರಿಯಬೇಕು. ಹರಿಯದ ಪ್ರತಿ ಸಿಕ್ಕರೆ ಹಾಗೇ ಇಟ್ಟುಕೊಳ್ಳಿ.

ಆಮೇಲೆ ಬಂದ ಸಂಕಲನಗಳಲ್ಲಿ ಕಣ್ಣಿಡಬೇಕಾದದ್ದು ಹಾಡಿನ ಹೆಸರಿನ ಮೇಲಲ್ಲ, ಯಾವ ಆವೃತ್ತಿ ಎಂಬುದರ ಮೇಲೆ. ನ್ಯೂ ಆರ್ಡರ್‌ನ 1987ರ ‘ಸಬ್‌ಸ್ಟನ್ಸ್’ ಹಳೆಯ ಸಿಂಗಲ್‌ಗಳ ಗಂಟು ಎಂದೇ ಮಾರಾಟವಾಯಿತು, ಆದರೆ ಅದರೊಳಗಿನ ‘ಟೆಂಪ್ಟೇಶನ್’, ‘ಕನ್‌ಫ್ಯೂಷನ್’ ಎರಡೂ ಆ ವರ್ಷ ಹೊಸದಾಗಿ ಹಾಡಿ ಮುದ್ರಿಸಿದವು. ‘ದಿ ಪರ್ಫೆಕ್ಟ್ ಕಿಸ್’ ಸಿಡಿಯಲ್ಲಿ ಹಿಡಿಸಲಿ ಎಂದು ಅದರ ಬಾಲ ಕತ್ತರಿಸಿದ್ದಾರೆ. ‘ಟೆಂಪ್ಟೇಶನ್’ 1982ರಲ್ಲಿ ಕೇಳಿಸಿದ ಹಾಗೇ ಬೇಕಾದರೆ ಮೂಲ 12 ಇಂಚಿನ ತಟ್ಟೆಗೇ ಹೋಗಬೇಕು. ಜಾಯ್ ಡಿವಿಷನ್‌ನ ‘ಶೀಸ್ ಲಾಸ್ಟ್ ಕಂಟ್ರೋಲ್’ ವಿಷಯ ಬೇರೆ. 1979ರ ಆಲ್ಬಮ್ಮಿನದು ಒಂದು, 12 ಇಂಚಿನದು ಇನ್ನೊಂದು. ‘ಸಬ್‌ಸ್ಟನ್ಸ್’ ಎಂದೇ ಹೆಸರಿಟ್ಟ 1988ರ ಅವರ ಸಂಕಲನದಲ್ಲಿರುವುದು ಎರಡನೆಯದು. ಎರಡೂ ಇಟ್ಟುಕೊಳ್ಳಬೇಕಾದವೇ.

ಬೇಸ್ ತೆಳ್ಳಗೆ ಕೇಳಿಸಿದರೆ ಸ್ಪೀಕರನ್ನು ಬೈಯುವ ಮುನ್ನ ಎಲ್‌ಪಿಯ ಒಂದೊಂದು ಮಗ್ಗುಲು ಎಷ್ಟು ನಿಮಿಷ ಎಂದು ನೋಡಿ. 22 ನಿಮಿಷ ದಾಟಿತೆಂದರೆ ಗೀರುಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಬೇಸ್ ಗೀರಿಗೆ ಅಗಲ ಜಾಗ ಬೇಕು, ಹಾಗಾಗಿ ಒಟ್ಟು ಧ್ವನಿಯನ್ನೇ ತಗ್ಗಿಸುತ್ತಾರೆ. ತಟ್ಟೆಯ ನಡುಭಾಗಕ್ಕೆ ಹತ್ತಿರದ ಹಾಡುಗಳಲ್ಲಿ ‘ಸ’ಕಾರ ಸೀಳುತ್ತದೆ. ಪಬ್ಲಿಕ್ ಇಮೇಜ್ ಲಿಮಿಟೆಡ್‌ನವರು 1979ರಲ್ಲಿ ‘ಮೆಟಲ್ ಬಾಕ್ಸ್’ ಅನ್ನು ನಿಮಿಷಕ್ಕೆ 45 ಸುತ್ತಿನ ವೇಗದ ಮೂರು 12 ಇಂಚಿನ ತಟ್ಟೆಗಳಾಗಿ ತಗಡಿನ ಡಬ್ಬಿಯಲ್ಲಿ ಕೊಟ್ಟದ್ದರ ಮರ್ಮವೂ ಇದೇ. ಮರುವರ್ಷ ಅದೇ ಹಾಡುಗಳು 33⅓ರ ಎರಡು ತಟ್ಟೆಗೆ ಇಳಿದವು. ಡಬ್ಬಿಯಿಂದ ಗೀರು ಬೀಳದ ಹಾಗೆ ತಟ್ಟೆ ಹೊರತೆಗೆಯುವುದು ಮಾತ್ರ ದೊಡ್ಡ ಸರ್ಕಸ್ಸು.

ಇಷ್ಟೆಲ್ಲ ಹೊಗಳಿದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು. ಈ ಅಚ್ಚುಕಟ್ಟಿನ ಹಿಂದೆ ಐವತ್ತು ದಾಟಿದ, ಜೇಬಿನಲ್ಲಿ ಕಾಸಿರುವ ಗಿರಾಕಿ ಇದ್ದಾನೆ. 153 ಪೌಂಡಿನಲ್ಲಿ ನೀವೂ ಮಾಡಿ ಎಂದ ಹಾಡು ಈಗ ಶೋಕಿಯ ವಸ್ತು. ಪರವಾನಗಿ ಸಿಗದ ಹಾಡು ಸಂಕಲನದಿಂದ ಜಾರುತ್ತದೆ, ಆ ತಂಡವೇ ಇರಲಿಲ್ಲವೇನೋ ಎನ್ನುವ ಹಾಗೆ. ಇನ್ನು, ಲೀಡ್ಸ್‌ನ ಬೀದಿಯಲ್ಲಿ ಡೆಲ್ಟಾ ಫೈವ್ ಹಾಡನ್ನು ಬಾಯಿಪಾಠ ಹೇಳುವವರನ್ನು ಹುಡುಕುವುದು ಕಷ್ಟ. ‘ಜೋಗದ ಸಿರಿ ಬೆಳಕಿನಲ್ಲಿ’ ಎಂದು ಯಾವ ಹೊರನಾಡ ಕನ್ನಡ ಸಂಘದಲ್ಲಿ ಎತ್ತಿದರೂ ಉಳಿದ ಸಾಲನ್ನು ಸಭೆಯೇ ಹಾಡಿ ಮುಗಿಸುತ್ತದೆ. ಪುಸ್ತಿಕೆ ಇಲ್ಲದೆಯೂ ಉಳಿದಿದೆ ಅಂತಾಯಿತು.

ಆದರೂ ತಬಲಾದವರ ಹೆಸರು ಉಳಿದಿಲ್ಲವಲ್ಲ! ಅದಕ್ಕೇ ಊರಲ್ಲಿ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ ಇದ್ದವರು ಮೊದಲು ಇನ್‌ಲೇ ಕಾರ್ಡಿನ ಎರಡೂ ಮಗ್ಗುಲಿನ ಫೋಟೊ ತೆಗೆಯಿರಿ. ಟೇಪನ್ನು ನೇರ ಪ್ಲೇ ಮಾಡಬೇಡಿ, ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ. ಟೇಪಿನ ಹಿಂದಿರುವ ಪುಟ್ಟ ಫೆಲ್ಟ್ ತುಂಡು ಗೋಂದು ಒಣಗಿ ಉದುರಿರಬಹುದು. ಅದಿಲ್ಲದಿದ್ದರೆ ಧ್ವನಿ ಮಂಕು, ಒಂದು ಕಿವಿಯಲ್ಲಿ ಬಂದು ಹೋಗಿ ಮಾಡುತ್ತದೆ. ಸ್ಕ್ರೂ ಇರುವ ಡಬ್ಬಿಯಾದರೆ ಬಿಚ್ಚಿ, ಬೇಡದ ಇನ್ನೊಂದು ಕ್ಯಾಸೆಟ್ಟಿನ ತುಂಡನ್ನು ಇಟ್ಟು ಮುಚ್ಚಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು, ಮೂಲವನ್ನು ಧ್ವನಿ ಕುಗ್ಗಿಸದ ವೇವ್ ಫೈಲಿನಲ್ಲೇ ಇಡಿ. ಫೈಲಿನ ಹೆಸರಿನಲ್ಲಿ ಗಾಯಕರ ಜೊತೆಗೆ ಕವಿ, ಇಸವಿ, ಕಾರ್ಡಿನಲ್ಲಿದ್ದರೆ ವಾದ್ಯದವರನ್ನೂ ಬರೆಯಿರಿ.