ಗೋಳಿಬಜೆಗೂ ಒಟಿಪಿ

ಮೊನ್ನೆ ಸಂಜೆ ಮಂಗಳೂರಿನ ಹಂಪನಕಟ್ಟೆಯ ಹತ್ತಿರದ ಹೋಟೆಲೊಂದರಲ್ಲಿ ಗೋಳಿಬಜೆ ಕೇಳಿದೆ. ಪಕ್ಕದಲ್ಲೇ ನಿಂತಿದ್ದ ಹುಡುಗ ಮೇಜಿಗೆ ಅಂಟಿಸಿದ್ದ ಕ್ಯೂಆರ್ ಕೋಡ್ ತೋರಿಸಿದ. "ಇದರಲ್ಲೇ ಆರ್ಡರ್ ಮಾಡಬೇಕು ಸರ್." ಕನ್ನಡಕ ಮನೆಯಲ್ಲಿತ್ತು. ಹೆಸರು, ಮೊಬೈಲ್ ಸಂಖ್ಯೆ, ಒಟಿಪಿ... ಹೊರಗೆ ಧೋ ಎಂದು ಮಳೆ. ನೆಟ್‌ವರ್ಕ್ ಸುತ್ತುತ್ತಲೇ ಇತ್ತು. ಕೊನೆಗೆ 'ನಾನು ರೋಬೋಟ್ ಅಲ್ಲ' ಎಂಬ ಚೌಕದಲ್ಲಿ ಗುರುತು ಹಾಕು ಎಂದಿತು. ಒಂದು ಪ್ಲೇಟ್ ಬಜೆಗಾಗಿ ನಾನು ಮನುಷ್ಯನೆಂದು ಪ್ರಮಾಣ ಮಾಡಬೇಕೇ!

'ರೋಬೋಟ್' ಎಂಬ ಪದವನ್ನು ಜಗತ್ತಿಗೆ ಕೊಟ್ಟದ್ದು ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ಒಂದು ನಾಟಕ. ಚೆಕ್ ಭಾಷೆಯ 'ರೊಬೊಟಾ' ಅದರ ಮೂಲ. ಒಡೆಯನ ಹೊಲದಲ್ಲಿ ಕಡ್ಡಾಯವಾಗಿ ಮಾಡಬೇಕಾಗಿದ್ದ ದುಡಿಮೆ, ನಮ್ಮ ಮಾತಿನಲ್ಲಿ ಬಿಟ್ಟಿ ಚಾಕರಿ. ನಾಟಕದಲ್ಲಿ ಕೃತಕ ಮನುಷ್ಯರು ದುಡಿದು ದುಡಿದು ಕೊನೆಗೆ ತಿರುಗಿಬೀಳುತ್ತಾರೆ. ಇಲ್ಲಿ ಆರ್ಡರ್ ಬರೆದುಕೊಳ್ಳುವ ಚಾಕರಿಯೂ ನನ್ನದು, ದುಡ್ಡು ಕೊಡುವವನೂ ನಾನೇ. ಹಾಗಾದರೆ ಆ ಚೌಕದಲ್ಲಿ ನಾನು ಹಾಕಿದ ಗುರುತು ಸುಳ್ಳಲ್ಲವೇ?

ತಿರುಗಿಬೀಳುವ ಧೈರ್ಯ ನನಗಿರಲಿಲ್ಲ, ಹಸಿವಿತ್ತು. ಮೊಬೈಲನ್ನು ಹುಡುಗನ ಕೈಗೇ ಕೊಟ್ಟೆ. ಅವನು ಎರಡು ಕಡೆ ಒತ್ತಿ ವಾಪಸು ಕೊಟ್ಟ. ಆಮೇಲೆ ಅಡುಗೆಮನೆಯತ್ತ ತಿರುಗಿ ತುಳುವಿನಲ್ಲಿ ಗಟ್ಟಿಯಾಗಿ ಕೂಗಿದ: "ಒಂಜಿ ಗೋಳಿಬಜೆ!"