ನನಗೆ ಶುಗರ್ ಬಂದ ಬಗೆ

ನಿನ್ನೆ ಸಂಜೆ ಪಕ್ಕದ ಮನೆಯಿಂದ ಬಂದ ಕುಸ್ವಾರ್ ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಸಿದಾಗ ಒಳಗೆ ಚಕ್ಕುಲಿ ಮತ್ತು ಖಾರಕಡ್ಡಿ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. ನಾವು ಈ ಮನೆಗೆ ಬಂದು ಹನ್ನೊಂದು ವರ್ಷಗಳಾದವು. ಪ್ರತಿ ಕ್ರಿಸ್‌ಮಸ್‌ಗೂ ಟೀಚರ್ ಮನೆಯ ಆ ತಟ್ಟೆಯಲ್ಲಿ ಎಳ್ಳು, ತೆಂಗಿನಕಾಯಿಯ ಹೂರಣ ತುಂಬಿದ ನೆವ್ರಿ, ಸಕ್ಕರೆ ಪಾಕದ ಬಿಳಿ ಅಂಗಿ ತೊಟ್ಟ ಕಿಡಿಯೊ, ಹಲ್ಲಿನ ಗಟ್ಟಿತನವನ್ನು ಪರೀಕ್ಷಿಸುವ ಗುಳಿಯೊ, ಇವುಗಳೆಲ್ಲದರ ಮೇಲೆ ಕಾವಲಿಗೆ ಕುಳಿತಂತೆ ಒಂದು ತುಂಡು ಪ್ಲಮ್ ಕೇಕ್ ಇರುತ್ತಿದ್ದವು. ತಟ್ಟೆ ತಂದ ಟೀಚರ ಮೊಮ್ಮಗ ನನ್ನ ಮುಖವನ್ನು ಓದಿಕೊಂಡವನಂತೆ, "ಸ್ವೀಟೆಲ್ಲ ಅಜ್ಜಿ ತೆಗೆದಿಟ್ರು ಆಂಟಿ. ನಿಮಗೆ ಶುಗರ್ ಅಲ್ವಾ?" ಎಂದ.

ನನಗೆ ಶುಗರ್ ಇಲ್ಲ. ಇದನ್ನು ನಾನು ಕಳೆದ ಮೂರು ವಾರಗಳಿಂದ ಹೇಳುತ್ತಲೇ ಇದ್ದೇನೆ. ಆದರೆ ಉಡುಪಿಯಲ್ಲಿ ಈಗ ಪರಿಸ್ಥಿತಿ ಹೇಗಿದೆಯೆಂದರೆ, ನನಗೆ ಶುಗರ್ ಇರುವ ವಿಷಯ ಗೊತ್ತಿಲ್ಲದವಳು ನಾನೊಬ್ಬಳೇ.

ಇದಕ್ಕೆಲ್ಲ ಕಾರಣ ಒಂದು ಮದುವೆಯ ಊಟ, ಆ ಊಟದಲ್ಲಿ ನನ್ನ ಕುರ್ಚಿಯ ಹಿಂದೆ ನಿಂತ ಒಬ್ಬ ಮಹಿಳೆ.

ನಮ್ಮ ಕಡೆಯ ಚಳಿಗಾಲದ ಬಗ್ಗೆ ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಬೆಳಗಿನ ಜಾವ ಉಷ್ಣಾಂಶ 22 ಡಿಗ್ರಿಗೆ ಇಳಿದರೆ ಸಾಕು, ನಮ್ಮ ಬೀದಿಯಲ್ಲಿ ವಾಕಿಂಗ್ ಹೋಗುವವರೆಲ್ಲ ಮಂಕಿ ಕ್ಯಾಪ್ ಧರಿಸಿ ಬ್ಯಾಂಕ್ ದರೋಡೆಗೆ ಹೊರಟವರಂತೆ ಕಾಣುತ್ತಾರೆ; ಮಧ್ಯಾಹ್ನ 32 ಡಿಗ್ರಿಯಾದಾಗ ಅದೇ ಜನ ಬೈರಾಸಿನಿಂದ ಬೆವರು ಒರೆಸಿಕೊಳ್ಳುತ್ತ ಎಳನೀರಿನ ಗಾಡಿಯ ಮುಂದೆ ನಿಂತಿರುತ್ತಾರೆ. ಹಾಗಾಗಿ ಚಳಿಗಾಲವನ್ನು ನಾವು ಗುರುತಿಸುವುದು ಚಳಿಯಿಂದಲ್ಲ, ಬಾಗಿಲಿಗೆ ಬರುವ ಆಮಂತ್ರಣ ಪತ್ರಿಕೆಗಳಿಂದ. ಲಕ್ಷದೀಪೋತ್ಸವ ಮುಗಿಯುವುದೇ ತಡ, ಯಕ್ಷಗಾನದ ಮೇಳಗಳು ಹೊರಡುತ್ತವೆ, ಗದ್ದೆಗಳಲ್ಲಿ ಕಂಬಳ ಶುರುವಾಗುತ್ತದೆ, ಶಾಲೆಗಳ ವಾರ್ಷಿಕೋತ್ಸವ, ಸಂಘಗಳ ಬೆಳ್ಳಿಹಬ್ಬ, ಒಂದೇ ಎರಡೇ. ಇದರ ನಡುವೆ ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿದರೆ ಸಂಕ್ರಾಂತಿಯವರೆಗೆ ಮದುವೆ ಇಲ್ಲವಾದ್ದರಿಂದ, ಡಿಸೆಂಬರಿನ ಮೊದಲ ಹದಿನೈದು ದಿನಗಳಲ್ಲಿ ಊರಿನ ಅಷ್ಟೂ ವಧೂವರರನ್ನು ದಡ ಸೇರಿಸುವ ಆತುರ ಎಲ್ಲರಿಗೂ ಬಂದುಬಿಡುತ್ತದೆ. ಆ ಭಾನುವಾರ ನಮಗೆ ಮೂರು ಮದುವೆಗಳಿದ್ದವು. ಮೂರಕ್ಕೂ 12.15ರ ಅಭಿಜಿನ್ ಸುಮುಹೂರ್ತ.

ಉಡುಗೊರೆಯ ಲಕೋಟೆಯನ್ನು ಎರಡು ಕಡೆ ಬೇಗನೆ ಮುಟ್ಟಿಸಿ, ಮೂರನೆಯ ಕಡೆ ಊಟಕ್ಕೆ ನಿಲ್ಲುವುದು ಎಂದು ಇವರು ಯೋಜನೆ ಹಾಕಿದ್ದರು. ಊಟದ ಹಾಲಿನಲ್ಲಿ ಸೀಟು ಹಿಡಿಯುವ ವಿಷಯದಲ್ಲಿ ಇವರು ಒಂದು ಶಾಸ್ತ್ರವನ್ನೇ ರಚಿಸಿದ್ದಾರೆ. ಮಜ್ಜಿಗೆಗೆ ಕೈಯೊಡ್ಡಿದವರ ಹಿಂದೆ ನಿಲ್ಲಬೇಕು. ಮಗುವಿಗೆ ತಿನ್ನಿಸುತ್ತಿರುವವರ ಹಿಂದೆ ಎಂದಿಗೂ ನಿಲ್ಲಬಾರದು. ನಿವೃತ್ತ ಬ್ಯಾಂಕ್ ನೌಕರರ ಹಿಂದೆ ನಿಂತರಂತೂ ಮುಗಿಯಿತು, ಲೆಕ್ಕ ತಾಳೆಯಾಗುವವರೆಗೆ ಅವರು ಏಳುವುದಿಲ್ಲ. 1906ರಲ್ಲೊಂದು, 1925ರಲ್ಲೊಂದು ಬ್ಯಾಂಕನ್ನು ಹೆತ್ತ ನಮ್ಮೂರಿನಲ್ಲಿ ಇಂಥವರನ್ನು ತಪ್ಪಿಸಿಕೊಂಡು ನಿಲ್ಲುವುದು ಸುಲಭವೂ ಅಲ್ಲ. ಈ ಶಾಸ್ತ್ರದ ಬಲದಿಂದ, ಮೇಲಿನ ಮಹಡಿಯಲ್ಲಿ ಗಟ್ಟಿಮೇಳ ಕೇಳಿಸುವ ಹೊತ್ತಿಗೆ ನಾವಿಬ್ಬರೂ ಕೆಳಗೆ ಎದುರುಬದುರು ಸಾಲಿನಲ್ಲಿ ಎಲೆಯ ಮುಂದೆ ಕುಳಿತಿದ್ದೆವು.

ತೊವ್ವೆ ಬರುವ ಮೊದಲೇ ನನ್ನ ಕುರ್ಚಿ ಸ್ವಲ್ಪ ಹಿಂದಕ್ಕೆ ವಾಲಿತು. ಯಾರೋ ಅದರ ಬೆನ್ನಿಗೆ ಕೈಚೀಲವನ್ನು ನೇತುಹಾಕಿದ್ದರು. ಚೀಲದೊಳಗೆ ನೀರಿನ ಬಾಟಲಿ ಇತ್ತೆಂಬುದು, ಅದು ಸ್ಟೀಲಿನದೆಂಬುದು ನನ್ನ ಬೆನ್ನುಮೂಳೆಗೆ ತಕ್ಷಣವೇ ತಿಳಿಯಿತು.

"ಮಲ್ಲಿಗೆ ಎಷ್ಟಕ್ಕೆ ಸಿಕ್ಕಿತು?" ಎಂದು ಹಿಂದಿನಿಂದ ಪ್ರಶ್ನೆ ಬಂತು. ಹಿಂದೆ ನಿಂತವರಿಗೆ ಮೊದಲು ಕಾಣುವುದು ಮುಡಿಯೇ ತಾನೆ? ಚಳಿಗೆ ಶಂಕರಪುರದ ಗಿಡಗಳು ಮೊಗ್ಗು ಬಿಡುವುದು ಕಡಿಮೆ, ಮದುವೆಗಳೋ ವಿಪರೀತ. ನಾಲ್ಕು ಚೆಂಡಿನ ಒಂದು ಅಟ್ಟೆಗೆ 2100 ರೂಪಾಯಿ ಮುಟ್ಟಿದ ದಿನ ನಾನು ಅರ್ಧ ಚೆಂಡನ್ನು ಮಡಚಿ, ಒಂದು ಚೆಂಡಿನಂತೆ ಕಾಣಿಸುವ ಹಾಗೆ ಮುಡಿದಿದ್ದೆ. "ಅರ್ಧ ಚೆಂಡಲ್ವಾ?" ಎಂದು ಅವರೇ ಉತ್ತರವನ್ನೂ ಹೇಳಿಕೊಂಡರು. ಒಂದು ಚೆಂಡಿಗೆ 800 ಮೊಗ್ಗು, ಅರ್ಧಕ್ಕೆ 400. ಅಷ್ಟನ್ನೂ ಅವರು ಎಣಿಸಿದ್ದರೆಂದೇ ನನ್ನ ನಂಬಿಕೆ, ಏಕೆಂದರೆ ಅದಕ್ಕೆ ಬೇಕಾದಷ್ಟು ಸಮಯ ಅವರಿಗಿತ್ತು.

ಆಮೇಲೆ ಅವರಿಗೆ ಫೋನ್ ಬಂತು. "ನಾನು ಕಂಬದ ಹತ್ತಿರ ಇದ್ದೇನೆ. ಇಲ್ಲಿ ಒಬ್ಬರದ್ದು ಈಗ ಆಗ್ತದೆ. ಸಾರಿಗೆ ಬಂದಿದ್ದಾರೆ" ಎಂದರು. ಆ ಒಬ್ಬರು ನಾನು. ನಾನು ಸಾರಿನಲ್ಲಿದ್ದೇನೆ, ಹುಳಿಯ ಕಡೆಗೆ ಸಾಗುತ್ತಿದ್ದೇನೆ, ಅನಾನಸಿನ ಮೆಣಸ್ಕಾಯಿಯನ್ನು ಎರಡನೆಯ ಸಲ ಹಾಕಿಸಿಕೊಂಡು ಅನಗತ್ಯವಾಗಿ ತಡ ಮಾಡುತ್ತಿದ್ದೇನೆ ಎಂಬ ವಿವರಗಳೆಲ್ಲ ಕ್ರಿಕೆಟ್ ವೀಕ್ಷಕ ವಿವರಣೆಯಂತೆ ಹೊರಗೆ ಎಲ್ಲೋ ಚಪ್ಪಲಿ ಬಿಡುತ್ತಿದ್ದ ಯಾರಿಗೋ ತಲುಪುತ್ತಿದ್ದವು. ಒಬ್ಬ ಮನುಷ್ಯಳ ಊಟವನ್ನು ಇಷ್ಟು ಹತ್ತಿರದಿಂದ ಯಾರೂ ಗಮನಿಸಬಾರದು. ನಾನು ಬೇಗ ಬೇಗ ನುಂಗತೊಡಗಿದೆ. ಆ ಋತುವಿನಲ್ಲಿ ಮೊದಲ ಸಲ ಮಟ್ಟುಗುಳ್ಳವೆಂಬ ಬದನೆಯ ಹುಳಿ ಎಲೆಗೆ ಬಿದ್ದಿತ್ತು. ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುವ ಆ ಹೋಳನ್ನು ನಾನು ರೈಲು ಹೊರಡುವಾಗ ಚಹಾ ಕುಡಿಯುವವರ ಹಾಗೆ ಮುಗಿಸಿದೆ.

ಆಗ ಹೋಳಿಗೆ ಬಂತು. ಕಾವಲಿಯಿಂದ ಆಗಷ್ಟೇ ಇಳಿದು, ಅಂಚಿನಲ್ಲಿ ಕಂದು ಚುಕ್ಕೆಗಳಿದ್ದು, ಬಡಿಸುವ ಹುಡುಗನ ಬೆರಳುಗಳನ್ನು ಸುಡುತ್ತಿದ್ದ ಹೋಳಿಗೆ. ಅವನ ಹಿಂದೆಯೇ ತುಪ್ಪದ ಗಿಂಡಿ. ನನ್ನ ಬಾಯಲ್ಲಿ ಅನ್ನವಿತ್ತು. ಹುಡುಗ ಬಗ್ಗಿದ. ನನ್ನ ತಲೆಯ ಮೇಲಿನಿಂದ, ಆಕಾಶವಾಣಿಯಂತೆ, "ಅವರಿಗೆ ಬೇಡ, ಶುಗರ್ ಉಂಟು. ಮಜ್ಜಿಗೆ ಹಾಕ್ಲಿಕ್ಕೆ ಹೇಳಿ" ಎಂಬ ಮಾತು ಕೇಳಿಸಿತು.

ಬಾಯಲ್ಲಿದ್ದುದನ್ನು ನಾನು ನುಂಗುವಷ್ಟರಲ್ಲಿ ಹೋಳಿಗೆ ನಾಲ್ಕು ಎಲೆ ಮುಂದೆ ಹೋಗಿತ್ತು. "ನನಗೆ ಶುಗರ್ ಇಲ್ಲ!" ಎಂದು ಕೂಗಿದೆ. ಹಾಲಿನ ಗದ್ದಲದಲ್ಲಿ ಆ ಹುಡುಗನಿಗೆ ಕೇಳಿಸಿದ್ದು ನಡುವಿನ ಪದ ಮಾತ್ರ. ಅವನು ತಿರುಗಿ ನೋಡಿ, ಅಷ್ಟು ಚಿಕ್ಕ ವಯಸ್ಸಿಗೆ ಬರಬಾರದ ಕರುಣೆಯಿಂದ ತಲೆಯಾಡಿಸಿ, ಹಿಂದೆ ಪಾಯಸದ ಪಾತ್ರೆ ಹಿಡಿದು ಬರುತ್ತಿದ್ದವನಿಗೆ, "ಆ ಕಂಬದ ಹತ್ತಿರ ಶುಗರಿನವರು, ಹಾಕ್ಬೇಡ" ಎಂದು ಎಚ್ಚರಿಸಿದ. ಕಡಲೆಬೇಳೆಯ ಪಾಯಸ ನನ್ನ ಎಲೆಯನ್ನು ಹಾರಿ ದಾಟಿತು. ಬಲಗಡೆ ಕುಳಿತಿದ್ದ ವರನ ಸೋದರತ್ತೆ ತಮ್ಮ ಹೋಳಿಗೆಯನ್ನು ಮುರಿಯುತ್ತ, "ಎಷ್ಟು ವರ್ಷ ಆಯ್ತು ನಿಮಗೆ?" ಎಂದು ಮೆಲ್ಲನೆ ವಿಚಾರಿಸಿದರು. ಎದುರು ಸಾಲಿನಲ್ಲಿದ್ದ ಇವರು ಇದನ್ನೆಲ್ಲ ನೋಡಿಯೂ ಏನೂ ಹೇಳಲಿಲ್ಲ. ಕೇಳಿದರೆ, ಬಾಯಲ್ಲಿ ಹೋಳಿಗೆ ಇತ್ತಂತೆ.

ನಾನು ಎಲೆ ಮಡಚುವ ಮೊದಲೇ ಕುರ್ಚಿ ನನ್ನಡಿಯಿಂದ ಜಾರಿತು. ಆಗಷ್ಟೇ ಆ ಮಹಿಳೆಯ ಮುಖವನ್ನು ನೋಡಿದೆ: ತುಂಬ ಸೌಮ್ಯವಾದ, ಯಾರ ಅಜ್ಜಿಯೋ ಆಗಿರಬಹುದಾದ ಮುಖ. "ಪಾಪ, ಆರೋಗ್ಯ ನೋಡಿಕೊಳ್ಳಿ" ಎಂದರು. ಕೈತೊಳೆದು ಬರುವಾಗ ತಿರುಗಿ ನೋಡಿದರೆ ಅವರ ಹಿಂದೆ ಆಗಲೇ ಮತ್ತೊಬ್ಬರು ನಿಂತಿದ್ದರು. ಅಷ್ಟು ಸಮಾಧಾನವಾದರೂ ನನಗೆ ದಕ್ಕಿತು.

ಅದೇ ರಾತ್ರಿ ಕುಂದಾಪುರದಿಂದ ಚಿಕ್ಕಮ್ಮನ ಫೋನು: "ಎಂತ ಹೆಣೆ, ನಿಂಗೆ ಶುಗರ್ ಅಂಬ್ರಲ್ಲ?" ಮೂವತ್ತೆಂಟು ಕಿಲೋಮೀಟರ್ ದೂರಕ್ಕೆ ಸುದ್ದಿ ತಲುಪಲು ಏಳು ಗಂಟೆ ಹಿಡಿದಿತ್ತು, ನಮ್ಮ ಹೆದ್ದಾರಿಯ ಸ್ಥಿತಿಯನ್ನು ನೋಡಿದರೆ ಅದು ನಿಧಾನವೇನಲ್ಲ. ಮಂಗಳವಾರ ಹೂವಿನ ಅಂಗಡಿಯಲ್ಲಿ ನೇರಳೆ ಬೀಜದ ಪುಡಿಯ ಸಲಹೆ ಸಿಕ್ಕಿತು. ಗುರುವಾರ ರಥಬೀದಿಯ ಬದಿಯಲ್ಲಿ ಗುಳ್ಳ ಆರಿಸಲು ಬಗ್ಗಿದವಳಿಗೆ, ತರಕಾರಿಯವರು ಬುಟ್ಟಿಯ ಇನ್ನೊಂದು ಬದಿಯಿಂದ ಎರಡು ಹಾಗಲಕಾಯಿಗಳನ್ನು ತೆಗೆದು, "ಇದು ನಿಮಗೆ ಒಳ್ಳೆಯದು" ಎಂದು ಚೀಲಕ್ಕೆ ತಾವೇ ಹಾಕಿದರು. ಮಟ್ಟುಗುಳ್ಳದಂಥ ಗುಳ್ಳಕ್ಕೇ ಅದು ಮಟ್ಟು ಗ್ರಾಮದ್ದೆಂಬ ಭೌಗೋಳಿಕ ಮಾನ್ಯತೆ ಸಿಗಬೇಕಾದರೆ 2011ರವರೆಗೆ ಕಾಯಬೇಕಾಯಿತು. ನನ್ನ ಶುಗರಿಗೆ ಅರ್ಜಿಯೂ ಇಲ್ಲದೆ ನಾಲ್ಕೇ ದಿನಗಳಲ್ಲಿ ಊರಿನ ಮಾನ್ಯತೆ ದೊರಕಿತು.

ಕೊನೆಗೆ ರೋಸಿಹೋಗಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಂಡೆ. 92 ಬಂತು. ಆ ಚೀಟಿಯನ್ನು ಕೈಚೀಲದಲ್ಲಿ ಹಾಕಿಕೊಂಡು, ಕೇಳಿದವರಿಗೆಲ್ಲ ತೋರಿಸುತ್ತ ತಿರುಗಿದೆ. ಎಲ್ಲರೂ ಸಂತೋಷಪಟ್ಟರು. "ಕಂಟ್ರೋಲಿನಲ್ಲಿ ಉಂಟಲ್ಲ, ಹೀಗೇ ಪಥ್ಯ ಮಾಡಿ" ಎಂದರು.

ಇಷ್ಟಾದ ಮೇಲೆ ಅಜ್ಜ ನೆನಪಾಗುತ್ತಿದ್ದಾರೆ. ಅವರು ಊಟದಲ್ಲಿ ತುಂಬ ನಿಧಾನ. ಹಲ್ಲಿರಲಿಲ್ಲ, ಹೋಳಿಗೆಯನ್ನು ಪಾಯಸದಲ್ಲಿ ನೆನೆಸಿ, ಅದು ಮೆತ್ತಗಾಗುವವರೆಗೆ ಕಾದು, ಚೂರು ಚೂರೇ ತಿನ್ನುತ್ತಿದ್ದರು. ಆಗ ಮದುವೆಯ ಊಟವೆಂದರೆ ಚಪ್ಪರದ ಕೆಳಗೆ ಸೆಗಣಿ ಸಾರಿಸಿದ ಅಂಗಳದಲ್ಲಿ ನೆಲದ ಮೇಲೆ ಪಂಕ್ತಿ. ಹಿಂದೆ ನಿಲ್ಲಲು ಕುರ್ಚಿಯೇ ಇರಲಿಲ್ಲ. ನಡುವೆ ಯಾರೋ ಒಬ್ಬರು ರಾಗವಾಗಿ ಶ್ಲೋಕ ಹೇಳುತ್ತಿದ್ದರು, ಉಳಿದವರು "ಗೋವಿಂದಾ" ಎನ್ನುತ್ತಿದ್ದರು. ಕೊನೆಯವರು ಮುಗಿಸುವವರೆಗೆ ಯಾರೂ ಏಳುವಂತಿರಲಿಲ್ಲ, ಮತ್ತು ಕೊನೆಯವರು ಯಾವಾಗಲೂ ನಮ್ಮ ಅಜ್ಜ. ಎಲೆಯ ಮೇಲಿನ ಕೈ ಒಣಗಿ ಬಿಗಿಯಾಗುತ್ತಿತ್ತು. ನೂರು ಜನ ತಮ್ಮನ್ನು ಕಾಯುತ್ತಿರುವುದು ಅವರಿಗೆ ಗೊತ್ತಿತ್ತೋ ಇಲ್ಲವೋ, ತಲೆ ಎತ್ತಿ ನೋಡಿದ್ದನ್ನು ನಾನು ಕಂಡಿಲ್ಲ. ಪಕ್ಕದಲ್ಲಿ ಕುಳಿತು ನನಗೆ ನಾಚಿಕೆಯಾಗುತ್ತಿತ್ತು, "ಬೇಗ ಅಜ್ಜ" ಎಂದು ಮೊಣಕೈಯಿಂದ ತಿವಿಯುತ್ತಿದ್ದೆ. ಈಗ ಆ ಮೊಣಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸುತ್ತದೆ.

ನಮ್ಮೂರಿನಲ್ಲಿ ಅವಸರವಿಲ್ಲದೆ ಬದಲಾಗುವ ಆಸನ ಇನ್ನು ಒಂದೇ ಉಳಿದಿದೆ. ಕೃಷ್ಣಮಠದ ಪರ್ಯಾಯದ್ದು. ಮೊದಲು ಎರಡು ತಿಂಗಳಿಗೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತಿದ್ದ ಕೃಷ್ಣಪೂಜೆಯ ಸರದಿಯನ್ನು ಯತಿ ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಬಡಿಸುವವರ ಕಷ್ಟ ತಿಳಿದವರು. ಮುಂದೆ ಪೀಠವೇರುವವರು ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ತಿಂಗಳುಗಟ್ಟಲೆ ಸಿದ್ಧತೆ ಮಾಡಿಕೊಂಡು, ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬಂದು, ಇಳಿಯುವವರ ಕೈಯಿಂದಲೇ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಪಡೆಯುತ್ತಾರೆ. ಕೈಚೀಲವನ್ನು ಯಾರೂ ಬೆನ್ನಿಗೆ ನೇತುಹಾಕುವುದಿಲ್ಲ.

ಇರಲಿ, ತಟ್ಟೆಯ ವಿಷಯಕ್ಕೆ ಬರುತ್ತೇನೆ. ಚಕ್ಕುಲಿಯನ್ನು ಕಡಿಯುತ್ತಲೇ ನಾನು ಹುಡುಗನಿಗೆ ಎಲ್ಲವನ್ನೂ ವಿವರಿಸಿ, 92ರ ಚೀಟಿಯನ್ನೂ ತೋರಿಸಿ, ಅಜ್ಜಿಗೆ ತಿಳಿಸುವಂತೆ ಹೇಳಿ ಕಳುಹಿಸಿದ್ದೆ. ಒಂದು ಗಂಟೆಯ ನಂತರ ಅವನು ಮತ್ತೊಂದು ತಟ್ಟೆ ಹಿಡಿದು ಬಂದ. ಬಟ್ಟೆಯ ಅಂಚಿನಿಂದಲೇ ನೆವ್ರಿಯ ಕಸೂತಿಯಂಥ ಅಂಚು ಇಣುಕುತ್ತಿತ್ತು. ನಾನು ಎರಡೂ ಕೈಗಳನ್ನು ಚಾಚಿದೆ.

"ಇದು ಅಂಕಲ್‌ಗೆ," ಎಂದು ಹುಡುಗ ತಟ್ಟೆಯನ್ನು ಎತ್ತರಕ್ಕೆ ಹಿಡಿದ. "ಅಂಕಲ್ ಕೈಯಲ್ಲೇ ಕೊಡ್ಬೇಕಂತೆ. ತಿಂದಾದ ಮೇಲೆ ತಟ್ಟೆ ತರ್ಬೇಕಂತೆ."

ಇವರು ಮೇಜಿನ ಮುಂದೆ ಕುಳಿತು ಮೊದಲ ನೆವ್ರಿಯನ್ನು ಮುರಿದರು. ಹೂರಣದ ಎಳ್ಳು ಎರಡು ಕಾಳು ಮೇಜಿನ ಮೇಲೆ ಉದುರಿತು. ಅದನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದರು. ಹುಡುಗ ಬಾಗಿಲ ಬಳಿ ಕಾವಲು ನಿಂತಿದ್ದ. ಇವರು ಎರಡನೆಯದಕ್ಕೆ ಕೈ ಹಾಕುವಾಗ ನಾನು ಎದ್ದು ಹೋಗಿ ಇವರ ಕುರ್ಚಿಯ ಹಿಂದೆ ನಿಂತೆ. ಅದರ ಬೆನ್ನಿನ ಮೇಲೆ ಕೈಯಿಟ್ಟೆ.

"ಅಂಕಲ್‌ಗೆ ಸಾಕಂತೆ ಮಗಾ," ಎಂದೆ. "ಬಿಪಿ ಉಂಟಂತೆ. ಅಜ್ಜಿಗೆ ಹೇಳು."