ಯೀಸ್ಟ್ ಎರಡಾಗುವ ಕಥೆಯಲ್ಲಿ ಸಕ್ಕರೆಯ ಪಾಲು

ಕೋಶ ವಿಭಜನೆ ಅಂದ ಕೂಡಲೇ ಪಠ್ಯಪುಸ್ತಕಗಳು ಕ್ರೋಮೊಸೋಮು, ವಿಭಜನೆಯನ್ನು ನಡೆಸುವ ಸೈಕ್ಲಿನ್, ಕೈನೇಸ್ ಎಂಬ ಪ್ರೋಟೀನುಗಳು ಅಂತ ಶುರುವಾಗಿ ಅಲ್ಲೇ ಮುಗಿಯುತ್ತವೆ. ಅದೇನೂ ಸುಳ್ಳಲ್ಲ. ಅಮೆರಿಕದ ವಿಜ್ಞಾನಿ ಲೀಲ್ಯಾಂಡ್ ಹಾರ್ಟ್‌ವೆಲ್ ಯೀಸ್ಟ್‌ನಲ್ಲಿ ವಿಭಜನೆಯನ್ನು ನಿಯಂತ್ರಿಸುವ ಜೀನ್‌ಗಳನ್ನು ಹುಡುಕಿಯೇ 2001ರ ನೊಬೆಲ್‌ನಲ್ಲಿ ಪಾಲು ಪಡೆದದ್ದು. ಆದರೆ ಕ್ರೋಮೊಸೋಮುಗಳು ಪಾಲಾದ ಮಾತ್ರಕ್ಕೆ ಯೀಸ್ಟ್ ಎರಡಾಗುವುದಿಲ್ಲ. ಅದರ ಸುತ್ತ ಗಟ್ಟಿ ಗೋಡೆ ಇದೆ. ಅಲ್ಲಿ ಮೊಗ್ಗು ಮೂಡಬೇಕು, ಬೆಳೆಯಬೇಕು, ಕಳಚಿಕೊಳ್ಳಬೇಕು. ಇದನ್ನೆಲ್ಲ ಮಾಡುವ ಪ್ರೋಟೀನುಗಳಲ್ಲಿ ಬಹಳಷ್ಟು ಮೈತುಂಬ ಸಕ್ಕರೆ ಹೊತ್ತವು. ಅದನ್ನು ಬರೀ ಅಲಂಕಾರ ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ.

ಕೊನೆಯ ಹಂತವನ್ನೇ ನೋಡಿ. ತಾಯಿ ಕೋಶಕ್ಕೂ ಮರಿಗೂ ನಡುವೆ ಕೈಟಿನ್ ಎಂಬ ಗಟ್ಟಿ ವಸ್ತುವಿನ ತಡೆಗೋಡೆ ಇರುತ್ತದೆ. ಅದನ್ನು ಕರಗಿಸುವುದು ಸಿಟಿಎಸ್1 ಎಂಬ ಕೈಟಿನೇಸ್ ಕಿಣ್ವ. ಅದರ ಮೇಲೆ ಮ್ಯಾನೋಸ್ ಸಕ್ಕರೆ ದಟ್ಟವಾಗಿ ಕೂತಿರುತ್ತದೆ. ಅದರ ಜೀನ್ ತೆಗೆದರೆ ಕೋಶಗಳು ಬಿಡಿಸಿಕೊಳ್ಳಲಾಗದೆ ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತವೆ. (ಸಕ್ಕರೆ ಇದೆ ಅಂದ ಮಾತ್ರಕ್ಕೆ ಕೆಲಸವೆಲ್ಲ ಅದರದ್ದೇ ಅಂತ ಆಗುವುದಿಲ್ಲ, ಅದೂ ನಿಜ.)

ಇದಕ್ಕಿಂತ ಗಟ್ಟಿ ಸಾಕ್ಷಿ ಆಕ್ಸಲ್2. ಹ್ಯಾಪ್ಲಾಯ್ಡ್ (ಪ್ರತಿ ಕ್ರೋಮೊಸೋಮಿನ ಒಂದೇ ಪ್ರತಿ ಇರುವ) ಯೀಸ್ಟ್ ಹಿಂದಿನ ಮೊಗ್ಗಿದ್ದ ಜಾಗದ ಪಕ್ಕದಲ್ಲೇ ಹೊಸ ಮೊಗ್ಗು ಬಿಡಲು ಬೇಕಾದ ಗುರುತಿನ ಪ್ರೋಟೀನು ಇದು. ಇದಕ್ಕೆ ಮ್ಯಾನೋಸ್ ಅಂಟಿಸುವ ಪಿಎಂಟಿ4 ಕಿಣ್ವ ಇಲ್ಲದಿದ್ದರೆ ಆಕ್ಸಲ್2 ಸ್ಥಿರವಾಗಿ ಉಳಿಯುವುದಿಲ್ಲ, ಮೊಗ್ಗುಗಳ ಸಾಲೇ ತಪ್ಪಿಹೋಗುತ್ತದೆ.

ಇನ್ನು ಟ್ಯೂನಿಕಾಮೈಸಿನ್ ಎಂಬ ಮದ್ದು. ಪ್ರೋಟೀನಿನ ಆಸ್ಪರಜಿನ್ ಎಂಬ ಅಮೈನೋ ಆಮ್ಲಕ್ಕೆ ಒಟ್ಟಿಗೆ ದಾಟಿಸುವ 14 ಸಕ್ಕರೆಗಳ ಗೊಂಚಲನ್ನು ಕಟ್ಟುವ ಮೊದಲ ಹೆಜ್ಜೆಯನ್ನೇ ಇದು ತಡೆಯುತ್ತದೆ. ಆಗ ಯೀಸ್ಟ್ ಮೊಗ್ಗು ಬಿಡದೆ ಜಿ1 ಹಂತದಲ್ಲೇ (ಡಿಎನ್ಎ ನಕಲಾಗುವ ಮುಂಚಿನ ಹಂತ) ನಿಂತುಬಿಡುತ್ತದೆ. ‘ಅದು ನೇರ ಪರಿಣಾಮ ಅಲ್ಲ, ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಇಆರ್‌ಗೆ (ಪ್ರೋಟೀನು ಮಡಚಿಕೊಳ್ಳುವ, ಕೋಶದೊಳಗಿನ ಪೊರೆಜಾಲಕ್ಕೆ) ಒತ್ತಡ ಬಿದ್ದದ್ದರ ಫಲ’ ಅನ್ನುವವರಿದ್ದಾರೆ. ಇರಲಿ. ಆದರೆ ಆ ಒತ್ತಡಕ್ಕೆ ಕೋಶ ಏನು ಮಾಡುತ್ತದೆ ಗೊತ್ತೇ? ಆಗಲೇ ಮೊಗ್ಗು ಬಿಟ್ಟಿದ್ದರೆ, ಕೆಟ್ಟ ಇಆರ್ ಮರಿಗೆ ಹೋಗದಂತೆ ತಡೆದು, ವಿಭಜನೆಯ ಕೊನೆಯ ಹೆಜ್ಜೆಯನ್ನೂ ಹಿಡಿದಿಡುತ್ತದೆ. ಈ ಕಾವಲಿಗೆ ಬೇಕಾದ ಎಸ್‌ಎಲ್‌ಟಿ2 ಕೈನೇಸ್ ಇಲ್ಲದ ಕೋಶದಲ್ಲಿ ಕೆಟ್ಟ ಇಆರ್ ಮರಿಗೂ ದಾಟುತ್ತದೆ, ಕೋಶಗಳು ಸಾಯುತ್ತವೆ. ಕೋಶವೇ ಇಷ್ಟು ಜೋಪಾನ ಮಾಡುವ ಸಂಗತಿಯನ್ನು ‘ಪರೋಕ್ಷ’ ಅಂತ ಬದಿಗಿಡುವುದು ಹೇಗೆ?

ಹಾಗಂತ ಟ್ಯೂನಿಕಾಮೈಸಿನ್ ಒಂದನ್ನೇ ಸುರಿದು ‘ಸಕ್ಕರೆ ಇಲ್ಲದಿದ್ದರೆ ವಿಭಜನೆ ಇಲ್ಲ’ ಎಂದು ತೀರ್ಪು ಕೊಡುವವರ ಜೊತೆಗೂ ನಾನಿಲ್ಲ. ಆ ಮದ್ದು ಒಂದೇ ಏಟಿಗೆ ನೂರಾರು ಪ್ರೋಟೀನುಗಳನ್ನು ಕೆಡಿಸುತ್ತದೆ. ಯಾವುದರಿಂದ ಏನಾಯಿತು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಪಿಎಂಟಿ4 ತರಹ ಒಂದೊಂದೇ ಕಿಣ್ವ ತೆಗೆದು, ಒಂದೊಂದೇ ಪ್ರೋಟೀನಿನ ಗತಿ ನೋಡಿದ ಪ್ರಯೋಗಗಳಿಗೇ ನನ್ನ ಓಟು.